ಬ್ಯಾರಿ ಸ್ಯಾಂಡರ್ಸ್ ದಾಖಲೆಗೆ ಒಂದೇ ವರ್ಷ ಬಾಕಿ ಇರುವಾಗ ಎದ್ದು ಹೋದದ್ದು ಸರಿಯಾ?

ವಿಚಿಟಾ ವಾಸಿ

ಎಲ್ಲರಿಗೂ ನಮಸ್ಕಾರ. ಕ್ಯಾನ್ಸಸ್‌ನ ವಿಚಿಟಾಕ್ಕೆ ಬಂದು ನನಗೆ ಆರು ವರ್ಷ ಆಯಿತು. ವಿಮಾನ ತಯಾರಿಸುವ ಊರು ಇದು. ಹಾಗಾಗಿ ಬೆಂಗಳೂರಿನ ಎಂಜಿನಿಯರುಗಳು ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ನಾನು ಓಡಾಡುವ ದಾರಿಯಲ್ಲಿ ನಾರ್ತ್ ಹೈಸ್ಕೂಲ್ ಇದೆ. ಎತ್ತರದ ಗೋಪುರ ಇರುವ ಹಳೇ ಕಟ್ಟಡ. ಅಮೆರಿಕನ್ ಫುಟ್‌ಬಾಲ್‌ನ ರನ್ನಿಂಗ್ ಬ್ಯಾಕ್ ಬ್ಯಾರಿ ಸ್ಯಾಂಡರ್ಸ್ ಓದಿದ್ದು ಅಲ್ಲೇ. ಹನ್ನೊಂದು ಮಕ್ಕಳ ಮನೆ. ಅಪ್ಪ ವಿಲಿಯಂ ಛಾವಣಿ ಕೆಲಸ, ಬಡಗಿ ಕೆಲಸ ಮಾಡುತ್ತಿದ್ದವರು. ಹುಡುಗನ ಎತ್ತರ 5 ಅಡಿ 8 ಅಂಗುಲ. ಇಷ್ಟು ಗಿಡ್ಡ ಇದ್ದಾನೆ ಅಂತ ದೊಡ್ಡ ಕಾಲೇಜುಗಳು ಅವನ ಕಡೆ ತಿರುಗಿಯೂ ನೋಡಲಿಲ್ಲ.

ಆಫೀಸಿನಲ್ಲಿ ಇವತ್ತಿಗೂ ಈ ಮಾತು ಬರುತ್ತದೆ, ಬಂದಾಗಲೆಲ್ಲ ವಾದ ಆಗುತ್ತದೆ. 1999ರ ಜುಲೈ 27. ಡೆಟ್ರಾಯ್ಟ್ ಲಯನ್ಸ್ ತಂಡದ ತಯಾರಿ ಶಿಬಿರ ಇನ್ನೇನು ಶುರುವಾಗಬೇಕು. ಬ್ಯಾರಿ ತನ್ನ ಊರಿನ ಪತ್ರಿಕೆ 'ವಿಚಿಟಾ ಈಗಲ್'ಗೆ ಒಂದು ಫ್ಯಾಕ್ಸ್ ಕಳಿಸಿದ. ಆಟ ಬಿಡುತ್ತಿದ್ದೇನೆ ಅಂತ. ವಯಸ್ಸು ಆಗಷ್ಟೇ 31 ತುಂಬಿತ್ತು. ಹತ್ತು ವರ್ಷದಲ್ಲಿ ಅವನು ಓಡಿದ್ದು 15,269 ಯಾರ್ಡ್. ವಾಲ್ಟರ್ ಪೇಟನ್ ಹೆಸರಲ್ಲಿದ್ದ ದಾಖಲೆ 16,726. ಬಾಕಿ 1,457. ಬ್ಯಾರಿ ವರ್ಷಕ್ಕೆ ಸರಾಸರಿ 1,500ಕ್ಕೂ ಜಾಸ್ತಿ ಓಡುತ್ತಿದ್ದವನು. ಅಂದರೆ ಒಂದೇ ಒಂದು ವರ್ಷದ ಮಾತು.

ನನ್ನ ಪ್ರಕಾರ ಅವನು ತಪ್ಪು ಮಾಡಲಿಲ್ಲ. ಅವನು ಮೊದಲಿಂದಲೂ ಹಾಗೇ ಇದ್ದ. 1989, ಅವನ ಮೊದಲ ವರ್ಷ. ಕೊನೇ ಪಂದ್ಯ ಅಟ್ಲಾಂಟಾದಲ್ಲಿ. ಲಯನ್ಸ್ ಗೆಲ್ಲುವುದು ಖಚಿತ ಆಗಿತ್ತು. ಆ ವರ್ಷ ಲೀಗ್‌ನಲ್ಲೇ ಅತಿ ಹೆಚ್ಚು ಓಡಿದವನು ಅನ್ನಿಸಿಕೊಳ್ಳಲು ಬ್ಯಾರಿಗೆ ಬೇಕಿದ್ದದ್ದು ಇನ್ನು ಹತ್ತು ಯಾರ್ಡ್ ಚಿಲ್ಲರೆ. ಕೋಚ್ ವೇಯ್ನ್ ಫಾಂಟೆಸ್ ಬಂದು, ಒಳಗೆ ಹೋಗುತ್ತೀಯಾ ಅಂತ ಕೇಳಿದರು. ಬೇಡ, ಗೆದ್ದು ಮನೆಗೆ ಹೋಗೋಣ ಅಂದ. ಅವನು ನಿಂತದ್ದು 1,470ಕ್ಕೆ. ಕ್ಯಾನ್ಸಸ್ ಸಿಟಿಯ ಕ್ರಿಶ್ಚಿಯನ್ ಒಕೋಯೆ 1,480 ಮಾಡಿ ಮೊದಲ ಸ್ಥಾನ ತಗೊಂಡ.

ಇಪ್ಪತ್ತೊಂದು ವರ್ಷದ ಹುಡುಗ ಹತ್ತು ಯಾರ್ಡ್ ಬೇಡ ಅಂದವನು. 31ಕ್ಕೆ 1,457 ಬೇಡ ಅಂದರೆ ಯಾಕೆ ಆಶ್ಚರ್ಯ ಪಡಬೇಕು? ನಿಮಗೆಲ್ಲ ಏನನ್ನಿಸುತ್ತದೆ?

ಮೈಸೂರು ಮಲ್ಲಿಗೆ

ತುಂಬಾ ಚೆನ್ನಾಗಿ ಬರೆದಿದ್ದೀರಿ. ನಾನು ಮಿಶಿಗನ್‌ಗೆ ಬಂದು ಎರಡೇ ವರ್ಷ. ಪಕ್ಕದ ಮನೆಯವರು ಭಾನುವಾರ ಬಂದರೆ ನೀಲಿ ಅಂಗಿ ಹಾಕಿಕೊಂಡು ಕೂರುತ್ತಾರೆ. ಆ ಅಂಗಿಯ ಮೇಲೆ 20 ಅಂತ ಇರುತ್ತದೆ, ಅದು ಇವರದ್ದೇ ನಂಬರ್ ಅಂತ ಈಗ ಗೊತ್ತಾಯಿತು. ಆದರೆ ಆಟ ನನಗೆ ಇನ್ನೂ ತಲೆಗೆ ಹತ್ತಿಲ್ಲ. ರನ್ನಿಂಗ್ ಬ್ಯಾಕ್ ಅಂದರೆ ಏನು ಕೆಲಸ? 1,457 ಯಾರ್ಡ್ ಅಂದರೆ ಅಷ್ಟು ದೊಡ್ಡದಾ? ಬೆಳಿಗ್ಗೆ ವಾಕಿಂಗ್‌ನಲ್ಲೇ ಅಷ್ಟು ನಡೆಯುತ್ತೇವಲ್ಲ. ದಯವಿಟ್ಟು ಯಾರಾದರೂ ಬಿಡಿಸಿ ಹೇಳಿ.

ಹಳೇ ಸಿಲ್ವರ್‌ಡೋಮ್

ಮಲ್ಲಿಗೆಯವರೇ, ನಾನು ಹೇಳುತ್ತೇನೆ. 1990ರಿಂದ ಡೆಟ್ರಾಯ್ಟ್ ಕಡೆ ಇದ್ದೇನೆ, ಕಾರಿನ ಬಿಡಿಭಾಗದ ಕೆಲಸ.

ಯಾರ್ಡ್ ಅಂದರೆ ನಮ್ಮ ಗಜ, ಮೂರು ಅಡಿ. ಮೈದಾನ ನೂರು ಗಜ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಸಿಗುತ್ತದೆ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಮುಂದೆ ಹೋಗಲು ಎರಡು ದಾರಿ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಎಸೆಯಬೇಕು, ಅಥವಾ ಹಿಂದೆ ನಿಂತಿರುವ ರನ್ನಿಂಗ್ ಬ್ಯಾಕ್ ಕೈಗೆ ಕೊಡಬೇಕು. ಅವನು ಅದನ್ನು ಎದೆಗೆ ಅವಚಿಕೊಂಡು ಹನ್ನೊಂದು ಜನರ ಮಧ್ಯೆ ನುಗ್ಗಬೇಕು. ಆ ಹನ್ನೊಂದು ಜನರಲ್ಲಿ ಕೆಲವರು 130 ಕಿಲೋ ತೂಗುತ್ತಾರೆ. ಒಂದು ಓಟಕ್ಕೆ ನಾಲ್ಕು ಗಜ ಸಿಕ್ಕಿದರೆ ಒಳ್ಳೆಯ ಆಟ. ಬ್ಯಾರಿ ಹತ್ತು ವರ್ಷ, 3,062 ಓಟ, ಸರಾಸರಿ ಐದು ಗಜ. ಪ್ರತಿ ಓಟದ ಕೊನೆಯಲ್ಲೂ ಯಾರಾದರೂ ಒಬ್ಬರು ಮೈಮೇಲೆ ಬಿದ್ದೇ ಬೀಳುತ್ತಾರೆ. ನೀವು ಹೇಳಿದ ಆ ವಾಕಿಂಗ್‌ನಲ್ಲಿ ಪ್ರತಿ ನಾಲ್ಕು ಹೆಜ್ಜೆಗೆ ಒಬ್ಬ ಬಂದು ಗುದ್ದುತ್ತಾನೆ ಅಂದುಕೊಳ್ಳಿ. ಅದು 1,457 ಗಜ.

ಈಗ ವಿಚಿಟಾ ಸರ್ ಪ್ರಶ್ನೆಗೆ ಬರುತ್ತೇನೆ. ನನಗೆ ಆ ಫ್ಯಾಕ್ಸ್ ಇವತ್ತಿಗೂ ನೋವು. ಬಿಟ್ಟದ್ದಕ್ಕಲ್ಲ. ಬಿಟ್ಟ ರೀತಿಗೆ. ನಾವು ಪಾಂಟಿಯಾಕ್‌ನ ಸಿಲ್ವರ್‌ಡೋಮ್‌ಗೆ ಹೋಗುತ್ತಿದ್ದೆವು. ಆ ಛಾವಣಿ ಬಟ್ಟೆಯದು, ಗಾಳಿ ಒತ್ತಡದಿಂದ ಮೇಲೆ ನಿಂತಿರುತ್ತಿತ್ತು. ಆಟ ಮುಗಿಸಿ ಬಾಗಿಲು ದಾಟುವಾಗ ಒಳಗಿನ ಗಾಳಿ ಬೆನ್ನಿಗೆ ಒದ್ದ ಹಾಗೆ ಹೊರಗೆ ತಳ್ಳುತ್ತಿತ್ತು. ಹೊರಗೆ ಹಿಮ. ಟೊಪ್ಪಿ ಹಾರಿಹೋಗುತ್ತಿತ್ತು. ಹೆಚ್ಚು ಸಲ ಸೋತೇ ಹೊರಗೆ ಬರುತ್ತಿದ್ದೆವು. ಆದರೂ ಕಾರಿನ ತನಕ ನಡೆಯುವಾಗ ಮಾತೆಲ್ಲ ಅವನ ಒಂದು ಓಟದ ಬಗ್ಗೆ. ಅಂಥವನು ಒಂದು ಕೊನೇ ಪಂದ್ಯ ಇದು ಅಂತ ನಮಗೆ ಹೇಳಿ ಆಡಬಾರದಿತ್ತಾ? ಕೊನೇ ಪಂದ್ಯ ಬಾಲ್ಟಿಮೋರ್‌ನಲ್ಲಿ ಆಯಿತು, 1998ರ ಡಿಸೆಂಬರ್‌ನಲ್ಲಿ. 41 ಗಜ. ಅದೇ ಕೊನೆ ಅಂತ ಯಾರಿಗೂ ಗೊತ್ತಿರಲಿಲ್ಲ. ಫ್ಯಾಕ್ಸ್ ಬಂದ ದಿನ ಅವನು ಲಂಡನ್‌ನಲ್ಲಿದ್ದ.

ಲೆಕ್ಕದ ಮೇಷ್ಟ್ರು

1997ರ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳಿಬಿಡುತ್ತೇನೆ. ಆ ವರ್ಷದ ಲೆಕ್ಕ ನನಗೆ ಬಾಯಿಪಾಠ.

ಮೊದಲ ಪಂದ್ಯ 33 ಗಜ. ಎರಡನೇದು 20. ಒಟ್ಟು 53. ಮುಗಿಯಿತು ಇವನ ಕಥೆ ಅಂತ ಜನ ಮಾತಾಡಿಕೊಂಡರು. ಆಮೇಲೆ ಉಳಿದದ್ದು 14 ಪಂದ್ಯ. ಹದಿನಾಲ್ಕರಲ್ಲೂ ನೂರರ ಮೇಲೆ. ಒಂದೂ ತಪ್ಪಲಿಲ್ಲ. ಆ 14 ಪಂದ್ಯದ ಮೊತ್ತ ಎಷ್ಟು ಗೊತ್ತಾ? ಸರಿಯಾಗಿ 2,000. ವರ್ಷದ ಮೊತ್ತ 2,053. ಅದೇ ವರ್ಷ ಅಕ್ಟೋಬರ್‌ನಲ್ಲಿ ಟ್ಯಾಂಪಾದಲ್ಲಿ ಒಂದೇ ಪಂದ್ಯದಲ್ಲಿ 80 ಗಜದ್ದೊಂದು, 82 ಗಜದ್ದೊಂದು, ಎರಡು ಟಚ್‌ಡೌನ್ ಓಟ, ಅಂದರೆ ಚೆಂಡನ್ನು ಎದುರಾಳಿಯ ಕೊನೇ ಗೆರೆ ದಾಟಿಸಿದ ಓಟ. ಲೀಗ್‌ನಲ್ಲಿ ಅದುವರೆಗೆ ಯಾರೂ ಅದನ್ನು ಮಾಡಿರಲಿಲ್ಲ. ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿಯನ್ನು ಗ್ರೀನ್ ಬೇ ತಂಡದ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾರ್ವ್ ಜೊತೆ ಹಂಚಿಕೊಂಡ.

ಒಂದೇ ವರ್ಷದಲ್ಲಿ 2,000 ದಾಟಿದವರು 2024ರ ತನಕ ಒಂಬತ್ತೇ ಜನ. 1973ರಲ್ಲಿ ಒ.ಜೆ. ಸಿಂಪ್ಸನ್, 1984ರಲ್ಲಿ ಎರಿಕ್ ಡಿಕರ್ಸನ್, ಆಮೇಲೆ ಬ್ಯಾರಿ. 2024ರಲ್ಲಿ ಸೇಕ್ವಾನ್ ಬಾರ್ಕ್ಲಿ. ಡಿಕರ್ಸನ್‌ನ 2,105 ಇನ್ನೂ ಹಾಗೇ ನಿಂತಿದೆ.

ಇನ್ನೊಂದು ಲೆಕ್ಕ. ಕಾಲೇಜಿನಲ್ಲಿ, ಒಕ್ಲಹೋಮ ಸ್ಟೇಟ್‌ನಲ್ಲಿ, ಬ್ಯಾರಿ ಎರಡು ವರ್ಷ ಥರ್ಮನ್ ಥಾಮಸ್ ಹಿಂದೆ ಬದಲಿ ಆಟಗಾರನಾಗಿದ್ದ. ಥಾಮಸ್ ಹೋದ ಮೇಲೆ 1988ರಲ್ಲಿ ಇವನಿಗೆ ಜಾಗ ಸಿಕ್ಕಿತು. 11 ಪಂದ್ಯದಲ್ಲಿ 2,628 ಗಜ. ಕಾಲೇಜು ಆಟದ ದೊಡ್ಡ ಪ್ರಶಸ್ತಿ ಹೈಸ್ಮನ್ ಬಂತು ಅಂತ ಸುದ್ದಿ ಬಂದಾಗ ಟೋಕಿಯೊದಲ್ಲಿದ್ದ, ಅಲ್ಲೊಂದು ಪಂದ್ಯ ಇತ್ತು. ಆ ಪಂದ್ಯದಲ್ಲಿ 332 ಗಜ ಓಡಿದ. 2024ರಲ್ಲಿ ಬಾಯ್ಸಿ ಸ್ಟೇಟ್‌ನ ಆಷ್ಟನ್ ಜೆಂಟಿ ಒಂದು ವರ್ಷದ ಆ 2,628 ಗಜದ ದಾಖಲೆ ಮುರಿಯುತ್ತಾನೆ ಅಂತ ನಾನು ರಾತ್ರಿ ಎದ್ದು ಕೂತು ನೋಡಿದೆ. 2,601ಕ್ಕೆ ನಿಂತ. ಮುರಿಯಲು ಇನ್ನು 28 ಸಾಕಿತ್ತು. ಅವನು ಆಡಿದ್ದು 14 ಪಂದ್ಯ. ಬ್ಯಾರಿ ಕಾಲದಲ್ಲಿ ವರ್ಷದ ಕೊನೆಯ ಬೌಲ್ ಪಂದ್ಯವನ್ನು ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ. ಅದರಲ್ಲಿ ಅವನು ಓಡಿದ 222 ಗಜ ಸುಮ್ನೆ ಪಕ್ಕಕ್ಕೆ ಉಳಿದುಬಿಟ್ಟಿದೆ.

ಡಾಲಸ್ ಕನ್ನಡಿಗ

ಬ್ಯಾರಿ ಬಗ್ಗೆ ನನಗೂ ಗೌರವ ಇದೆ. ಆದರೆ ನಾನು ನಮ್ಮ ಡಾಲಸ್‌ನ ರನ್ನಿಂಗ್ ಬ್ಯಾಕ್ ಎಮಿಟ್ ಸ್ಮಿತ್ ಕಡೆಯವನು, ಮನಸ್ಸಿನಲ್ಲಿರುವುದನ್ನು ಹೇಳುತ್ತೇನೆ.

ಪೇಟನ್ ದಾಖಲೆ ಮುರಿದದ್ದು ಎಮಿಟ್, 2002ರ ಅಕ್ಟೋಬರ್ 27. ನಿಲ್ಲಿಸಿದಾಗ 18,355. ಮೂರು ಸಲ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್, ಗೆದ್ದ. ಎಮಿಟ್ ಮುಂದೆ ದಾರಿ ಬಿಡಿಸುವವರ ಒಳ್ಳೆಯ ಲೈನ್ ಇತ್ತು, ಯಾರು ಬೇಕಾದರೂ ಓಡಬಹುದಿತ್ತು ಅಂತ ಬ್ಯಾರಿ ಕಡೆಯವರು ಹೇಳುತ್ತಾರೆ. 1994ರ ಜನವರಿ 2ನೇ ತಾರೀಕು ನ್ಯೂಯಾರ್ಕ್ ಜಯಂಟ್ಸ್ ಮೇಲಿನ ಪಂದ್ಯ ನೋಡಿ. ಎಮಿಟ್ ಭುಜ ಜಾರಿತ್ತು. ಪ್ರತಿ ಸಲ ಬಿದ್ದಾಗ ಎದ್ದೇಳಲು ಕಷ್ಟಪಡುತ್ತಿದ್ದ. ತೋಳನ್ನು ಮೈಗೆ ಅಂಟಿಸಿಕೊಂಡೇ ಓಡಿ, ಚೆಂಡು ಹಿಡಿದು, ಒಟ್ಟು 229 ಗಜ ಮಾಡಿದ. ತಂಡ ಹೆಚ್ಚುವರಿ ಅವಧಿಯಲ್ಲಿ 16-13ಕ್ಕೆ ಗೆದ್ದಿತು.

ರನ್ನಿಂಗ್ ಬ್ಯಾಕ್ ಕೆಲಸದ ತಿರುಳು ಇದು ಅಂತ ನನ್ನ ನಂಬಿಕೆ. ಉಳಿಯುವುದು. ಮಂಗಳವಾರ ಮೈ ನೋವು, ಬುಧವಾರ ಮೈ ನೋವು, ಭಾನುವಾರ ಮತ್ತೆ ಹಾಜರ್. ಪೇಟನ್ 13 ವರ್ಷದಲ್ಲಿ ತಪ್ಪಿಸಿದ್ದು ಒಂದೇ ಪಂದ್ಯ. ಎಮಿಟ್ 15 ವರ್ಷ ಆಡಿದ. ಫ್ರಾಂಕ್ ಗೋರ್ ಮಂಡಿ ಎರಡೆರಡು ಸಲ ಆಪರೇಷನ್ ಆದ ಮೇಲೂ 16 ವರ್ಷ ಆಡಿ ಸರಿಯಾಗಿ 16,000ಕ್ಕೆ ನಿಲ್ಲಿಸಿದ. ದಾರಿಯಲ್ಲಿ ಬ್ಯಾರಿಯನ್ನೂ ದಾಟಿದ. ಗೋರ್ ಓಟದ ವಿಡಿಯೊ ಯಾರೂ ಹುಡುಕಿ ನೋಡುವುದಿಲ್ಲ, ಆದರೆ ನನಗೆ ಅವನೇ ದೊಡ್ಡವನು. ಮೈ ಗಟ್ಟಿ ಇದ್ದಾಗ ಬಿಟ್ಟು ಹೋಗುವುದನ್ನು ನಾವು ಹೊಗಳಿದರೆ, ಮೈ ಮುರಿದರೂ ಉಳಿದವರಿಗೆ ಏನು ಹೇಳುವುದು?

ವಿಚಿಟಾ ವಾಸಿ

ಡಾಲಸ್ ಅಣ್ಣಾ, ಒಳ್ಳೆಯ ಮಾತು. ಗೋರ್ ಬಗ್ಗೆ ನೀವು ಹೇಳಿದ್ದು ಮನಸ್ಸಿಗೆ ಮುಟ್ಟಿತು. ಆದರೆ ಉಳಿಯಬೇಕಾದರೆ ಯಾವುದಕ್ಕಾಗಿ ಅನ್ನುವುದೂ ಇರಬೇಕಲ್ಲ.

ಲಯನ್ಸ್ ಕಥೆ ನೋಡಿ. ಅವನಿದ್ದ ಹತ್ತು ವರ್ಷದಲ್ಲಿ ಪ್ಲೇಆಫ್ ಪಂದ್ಯ ಆರು ಆಡಿದರು, ಗೆದ್ದದ್ದು ಒಂದು. 1994ರ ಜನವರಿಯಲ್ಲಿ ಗ್ರೀನ್ ಬೇ ವಿರುದ್ಧ ಅವನು 169 ಗಜ ಓಡಿದ, ಆಟ ಮುಗಿಯಲು ಒಂದು ನಿಮಿಷವೂ ಇಲ್ಲದಾಗ ಫಾರ್ವ್ 40 ಗಜದ ಪಾಸ್ ಎಸೆದು ಗೆಲುವು ಕಿತ್ತುಕೊಂಡ. 28-24. ಅದೇ ವರ್ಷದ ಕೊನೇ ದಿನ ಮತ್ತೆ ಗ್ರೀನ್ ಬೇ, ಈ ಸಲ ಅವರ ಊರಲ್ಲಿ. 13 ಓಟ, ಮೊತ್ತ ಮೈನಸ್ 1.

ಕೋಚ್ ಫಾಂಟೆಸ್ 1996ರ ನಂತರ ಹೋದರು. ಬಾಬಿ ರಾಸ್ ಬಂದರು. ಮುಂದೆ ನಿಂತು ದಾರಿ ಬಿಡಿಸುತ್ತಿದ್ದ ಲೋಮಸ್ ಬ್ರೌನ್ 1996ರಲ್ಲೇ ಅರಿಜೋನಾಕ್ಕೆ ಹೋಗಿದ್ದ. ರಕ್ಷಣೆಯ ಬೆನ್ನೆಲುಬಾಗಿದ್ದ ಕ್ರಿಸ್ ಸ್ಪೀಲ್ಮನ್ ಬಫಲೋಕ್ಕೆ. 1998ರಲ್ಲಿ ಲೈನ್‌ನ ಮಧ್ಯದಲ್ಲಿ ನಿಲ್ಲುವ ಸೆಂಟರ್ ಕೆವಿನ್ ಗ್ಲೋವರ್ ಸಿಯಾಟಲ್‌ಗೆ. ಗ್ಲೋವರ್ ಇವನಿಗೆ ತುಂಬಾ ಹತ್ತಿರದವನು. ಆ ವರ್ಷ 5 ಗೆಲುವು, 11 ಸೋಲು. ಪಕ್ಕದ ಕುರ್ಚಿಗಳು ಒಂದೊಂದಾಗಿ ಖಾಲಿ ಆಗುತ್ತಿದ್ದರೆ ಆ ಕೋಣೆಯಲ್ಲಿ ಕೂರುವುದು ಕಷ್ಟ. ಫ್ಯಾಕ್ಸ್‌ನಲ್ಲಿ ಅವನು ಬರೆದದ್ದೂ ಅಷ್ಟೇ. ಆಡುವ ಆಸೆಗಿಂತ ಬಿಡುವ ಆಸೆ ದೊಡ್ಡದಾಗಿದೆ ಅಂತ. ಯಾರನ್ನೂ ದೂರಲಿಲ್ಲ.

ಮೈಸೂರು ಮಲ್ಲಿಗೆ

ನಿನ್ನೆ ರಾತ್ರಿ ಅಡುಗೆ ಮನೆ ಕೆಲಸ ಮುಗಿಸಿ ಅವರ ಓಟಗಳ ವಿಡಿಯೊ ನೋಡಿದೆ. ನನಗೆ ತಕ್ಷಣ ಕಬಡ್ಡಿ ನೆನಪಾಯಿತು. ಎದುರಾಳಿಗಳು ಸುತ್ತ ಕೈ ಹಿಡಿದು ಸರಪಳಿ ಹಾಕಿ ನಿಂತಿರುತ್ತಾರಲ್ಲ, ರೈಡ್ ಹೋದವನು ಮೈ ಬಳುಕಿಸಿ ಸಂದಿಯಲ್ಲಿ ಜಾರಿಕೊಂಡು ಬರುತ್ತಾನಲ್ಲ, ಹಾಗೇ. ಒಂದು ಕಡೆ ಓಡುತ್ತಾರೆ, ಇದ್ದಕ್ಕಿದ್ದಂತೆ ನಿಲ್ಲುತ್ತಾರೆ, ಹಿಡಿಯಲು ಬಂದವನು ಮುಂದಕ್ಕೆ ಜಾರಿ ಹೋಗುತ್ತಾನೆ.

ಒಂದು ಅನುಮಾನ. ಕೆಲವು ಸಲ ಅವರು ಹಿಂದಕ್ಕೇ ಓಡುತ್ತಾರೆ. ಮುಂದೆ ಹೋಗಬೇಕಾದ ಆಟದಲ್ಲಿ ಹಿಂದೆ ಯಾಕೆ?

ಲೆಕ್ಕದ ಮೇಷ್ಟ್ರು

ಸರಿಯಾದ ಜಾಗಕ್ಕೆ ಕೈ ಇಟ್ಟಿದ್ದೀರಿ. ಅವನ ಮೇಲೆ ಇದ್ದ ದೊಡ್ಡ ದೂರು ಅದೇ.

ಎಮಿಟ್ ಥರದ ಓಟಗಾರ ಕೊಟ್ಟ ಸಂದಿಗೆ ನುಗ್ಗುತ್ತಾನೆ. ಮೂರು ಗಜ ಇದ್ದರೆ ಮೂರು ತಗೊಂಡು ಬೀಳುತ್ತಾನೆ. ಬ್ಯಾರಿ ಹಾಗಲ್ಲ. ಸಂದಿ ಮುಚ್ಚಿದ್ದರೆ ತಿರುಗುತ್ತಾನೆ, ಮೈದಾನದ ಇನ್ನೊಂದು ತುದಿಗೆ ಹೋಗಿ ಬೇರೆ ದಾರಿ ಹುಡುಕುತ್ತಾನೆ. ಸಿಕ್ಕಿದರೆ 60 ಗಜ. ಸಿಗದಿದ್ದರೆ ಮೈನಸ್ ನಾಲ್ಕು. ಹಾಗಾಗಿ ಗೋಲ್ ಹತ್ತಿರ ಬಂದಾಗ ಎಷ್ಟೋ ಸಲ ಕೋಚ್ ಅವನನ್ನು ಹೊರಗೆ ಕರೆದು ಬೇರೆಯವರಿಗೆ ಚೆಂಡು ಕೊಡುತ್ತಿದ್ದರು. ಆದರೂ 99 ಟಚ್‌ಡೌನ್ ಓಡಿದ.

ಇದಕ್ಕೆ ಅವನ ತಂಡದ ಆಟದ ಪದ್ಧತಿಯೂ ಒಂದು ಕಾರಣ. ಮೊದಲ ವರ್ಷಗಳಲ್ಲಿ ಲಯನ್ಸ್ ನಾಲ್ಕು ಜನ ಪಾಸ್ ಹಿಡಿಯುವವರನ್ನು ಅಗಲಕ್ಕೆ ನಿಲ್ಲಿಸುತ್ತಿದ್ದರು. ಬ್ಯಾರಿ ಮುಂದೆ ಓಡಿ ದಾರಿ ಬಿಡಿಸುವ ಫುಲ್‌ಬ್ಯಾಕ್ ಇರುತ್ತಿರಲಿಲ್ಲ. ಹಿಂದೆ ಅವನೊಬ್ಬನೇ. 1997ರಲ್ಲಿ ರಾಸ್ ಬಂದ ಮೇಲೆ ಫುಲ್‌ಬ್ಯಾಕ್ ಬಂದ, ಆ ವರ್ಷವೇ 2,053 ಬಂತು. ನನಗೆ ಇದನ್ನು ನೆನೆಸಿಕೊಂಡರೆ ಸಂಕಟ ಆಗುತ್ತದೆ. ಮೊದಲಿಂದಲೇ ಕೊಟ್ಟಿದ್ದರೆ?

ಹಳೇ ಸಿಲ್ವರ್‌ಡೋಮ್

ಮೇಷ್ಟ್ರೇ, 2,053ರ ಆ ಕೊನೇ ಪಂದ್ಯಕ್ಕೆ ನಾನು ಹೋಗಿದ್ದೆ. 1997ರ ಡಿಸೆಂಬರ್ 21, ನ್ಯೂಯಾರ್ಕ್ ಜೆಟ್ಸ್ ವಿರುದ್ಧ. ಅವನಿಗೆ 2,000 ಮುಟ್ಟಲು 131 ಬೇಕಿತ್ತು, 184 ಓಡಿದ. ಲಯನ್ಸ್ 13-10ಕ್ಕೆ ಗೆದ್ದು ಪ್ಲೇಆಫ್‌ಗೆ ಹೋದರು. ಆದರೆ ಆ ದಿನ ಅಂದರೆ ನನಗೆ ಮೊದಲು ಕಣ್ಣಿಗೆ ಬರುವುದು ಬ್ಯಾರಿ ಅಲ್ಲ.

ರೆಜಿ ಬ್ರೌನ್ ಅಂತ ನಮ್ಮ ಲೈನ್‌ಬ್ಯಾಕರ್, ಅಂದರೆ ರಕ್ಷಣೆ ಕಡೆ ಆಡುವವನು. ಒಬ್ಬನನ್ನು ಹಿಡಿಯಲು ಹೋಗಿ ಬಿದ್ದವನು ಏಳಲೇ ಇಲ್ಲ. ಬೆನ್ನುಹುರಿಗೆ ಪೆಟ್ಟು. ಉಸಿರು ನಿಂತಿತ್ತು. ಮೈದಾನದಲ್ಲೇ ಬಾಯಿಗೆ ಬಾಯಿ ಇಟ್ಟು ಉಸಿರು ಕೊಟ್ಟರು. ಅಷ್ಟು ಸಾವಿರ ಜನ ಇರುವ ಜಾಗ, ಛಾವಣಿಗೆ ಗಾಳಿ ಊದುವ ಸದ್ದು ಮಾತ್ರ ಕೇಳುತ್ತಿತ್ತು. ನನ್ನ ಪಕ್ಕ ಕೂತಿದ್ದ ಅಜ್ಜ ಟೊಪ್ಪಿ ತೆಗೆದು ತೊಡೆ ಮೇಲೆ ಇಟ್ಟುಕೊಂಡಿದ್ದರು. ಆಟಗಾರರು ಮಂಡಿಯೂರಿ ಕೂತಿದ್ದರು. ದೇವರ ದಯೆ, ಬ್ರೌನ್ ಬದುಕಿದ, ಮುಂದೆ ನಡೆದಾಡಿದ ಕೂಡ. ಆಟ ಮಾತ್ರ ಅಲ್ಲಿಗೇ ಮುಗಿಯಿತು.

ಅದಕ್ಕೂ ಮುಂಚೆ, 1991ರ ನವೆಂಬರ್ 17, ಅದೇ ಮೈದಾನದಲ್ಲಿ ಮೈಕ್ ಅಟ್ಲಿ ಕುತ್ತಿಗೆ ಮುರಿದುಕೊಂಡ. ಸ್ಟ್ರೆಚರ್ ಮೇಲೆ ಹೋಗುವಾಗ ಹೆಬ್ಬೆರಳು ಎತ್ತಿ ತೋರಿಸಿದ. ಎದೆಯಿಂದ ಕೆಳಗೆ ಸ್ವಾಧೀನ ಹೋಯಿತು. ತಂಡ ಆ ಪಂದ್ಯವೂ ಸೇರಿ ಸತತ ಆರು ಗೆದ್ದು ಆ ವರ್ಷ 12 ಗೆಲುವು, 4 ಸೋಲು ಮಾಡಿತು. ಮುಂದಿನ ಬೇಸಿಗೆಯಲ್ಲಿ ಗಾರ್ಡ್ ಎರಿಕ್ ಆಂಡೋಲ್ಸೆಕ್ ಲೂಸಿಯಾನಾದಲ್ಲಿ ತನ್ನ ಮನೆ ಅಂಗಳದಲ್ಲಿ ನಿಂತಿದ್ದಾಗ ಲಾರಿ ನುಗ್ಗಿ ತೀರಿಕೊಂಡ. ಇವರಿಬ್ಬರೂ ಬ್ಯಾರಿ ಮುಂದೆ ನಿಂತು ದಾರಿ ಬಿಡಿಸುತ್ತಿದ್ದವರು.

ನಾನು ಮೇಲೆ ನೋವು ಅಂತ ಬರೆದೆ, ಅದು ಸುಳ್ಳಲ್ಲ. ಆದರೆ ಇಷ್ಟನ್ನು ಬರೆಯುತ್ತಾ ಅನ್ನಿಸಿತು, ಅವನು ತನ್ನ ಕಾಲ ಮೇಲೆ ನಡೆದು ಹೊರಗೆ ಹೋದ. ಅದು ಆ ತಂಡದಲ್ಲಿ ಸಣ್ಣ ವಿಷಯ ಆಗಿರಲಿಲ್ಲ.

ಡಾಲಸ್ ಕನ್ನಡಿಗ

ಸಿಲ್ವರ್‌ಡೋಮ್ ಸರ್, ನಿಮ್ಮ ಬರಹ ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ. ಅಟ್ಲಿ ವಿಷಯ ಗೊತ್ತಿತ್ತು, ಆಂಡೋಲ್ಸೆಕ್ ವಿಷಯ ಗೊತ್ತಿರಲಿಲ್ಲ.

ನನ್ನ ಮಾತು ಪೂರ್ತಿ ಹಿಂದಕ್ಕೆ ತಗೊಳ್ಳುವುದಿಲ್ಲ. ಆದರೆ ಒಂದು ವಿಷಯ ನಾನೇ ಸೇರಿಸಬೇಕು. ಬಿಟ್ಟು ಹೋಗುವುದು ಅವನಿಗೆ ಸುಲಭವಾಗಿ ಏನೂ ಆಗಲಿಲ್ಲ. 1997ರಲ್ಲಿ ಹೊಸ ಒಪ್ಪಂದ ಮಾಡಿಕೊಂಡಾಗ 1.1 ಕೋಟಿ ಡಾಲರ್ ಬೋನಸ್ ತಗೊಂಡಿದ್ದ. ಒಪ್ಪಂದದಲ್ಲಿ ಇನ್ನೂ ವರ್ಷಗಳು ಬಾಕಿ ಇದ್ದವು. ಆಡದ ವರ್ಷಗಳ ಪಾಲು ವಾಪಸ್ ಕೊಡು ಅಂತ ತಂಡ ಕೇಳಿತು. ಪಂಚಾಯ್ತಿಗೆ ಹೋಯಿತು, ತೀರ್ಪು ತಂಡದ ಕಡೆ ಆಯಿತು. ಹಣಕ್ಕಾಗಿ ಆಡುವವನಾಗಿದ್ದರೆ ಇನ್ನೊಂದು ವರ್ಷ ಬಂದು ನಿಂತಿದ್ದರೂ ಸಾಕಿತ್ತು.

ಹಿಂದಿನ ಕಾಲದ ದೊಡ್ಡ ರನ್ನಿಂಗ್ ಬ್ಯಾಕ್ ಜಿಮ್ ಬ್ರೌನ್ ಕೂಡ ಹೀಗೇ ಹೋದವರು, 1966ರಲ್ಲಿ, 30ನೇ ವಯಸ್ಸಿಗೆ. ಅವರೂ ಆಗ ಇಂಗ್ಲೆಂಡಿನಲ್ಲೇ ಇದ್ದರು, ಸಿನಿಮಾ ಶೂಟಿಂಗ್‌ನಲ್ಲಿ. ಬ್ಯಾರಿಯ ಅಪ್ಪ ವಿಲಿಯಂ ಯಾವಾಗಲೂ ಮಗನಿಗಿಂತ ಜಿಮ್ ಬ್ರೌನ್ ದೊಡ್ಡವರು ಅಂತಲೇ ಹೇಳುತ್ತಿದ್ದರು. 2004ರಲ್ಲಿ ಕ್ಯಾಂಟನ್‌ನ ಹಾಲ್ ಆಫ್ ಫೇಮ್‌ಗೆ ಮಗನನ್ನು ಪರಿಚಯಿಸಿದ್ದೂ ಅವರೇ.

ವಿಚಿಟಾ ವಾಸಿ

ಪೇಟನ್ ವಿಷಯ ಒಂದು ಉಳಿದಿತ್ತು. 1999ರ ಫೆಬ್ರವರಿಯಲ್ಲಿ ತಮಗೆ ಲಿವರ್ ಕಾಯಿಲೆ ಇದೆ ಅಂತ ಪೇಟನ್ ಎಲ್ಲರ ಮುಂದೆ ಹೇಳಿದರು. ಆ ನವೆಂಬರ್ 1ಕ್ಕೆ ತೀರಿಕೊಂಡರು, 45 ವರ್ಷ. ಬ್ಯಾರಿ ಆಡಿದ್ದರೆ ಅವರು ಹೋದ ಎರಡು ತಿಂಗಳಿಗೆ ದಾಖಲೆ ಮುರಿಯುತ್ತಿತ್ತೇನೋ. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ಆ ವರ್ಷ ಪೇಟನ್ ಹೆಸರು ಮೇಲೇ ಇತ್ತು, ಅದು ನನಗೆ ಸಮಾಧಾನ.

ಹಳೇ ಸಿಲ್ವರ್‌ಡೋಮ್

ಸಿಲ್ವರ್‌ಡೋಮ್ ಈಗ ಇಲ್ಲ. 2017ರ ಡಿಸೆಂಬರ್‌ನಲ್ಲಿ ಸಿಡಿಮದ್ದು ಇಟ್ಟು ಕೆಡವಿದರು. ಮೊದಲ ದಿನ ಸಿಡಿಸಿದಾಗ ಬೀಳಲಿಲ್ಲ, ಮಾರನೇ ದಿನ ಬಿತ್ತು. ಲಯನ್ಸ್ 2002ರಿಂದ ಊರ ಮಧ್ಯದ ಫೋರ್ಡ್ ಫೀಲ್ಡ್‌ನಲ್ಲಿ ಆಡುತ್ತಾರೆ. ಅಲ್ಲಿ ಹೊರಗೆ 2023ರ ಸೆಪ್ಟೆಂಬರ್‌ನಲ್ಲಿ ಬ್ಯಾರಿಯ ಕಂಚಿನ ಪ್ರತಿಮೆ ನಿಲ್ಲಿಸಿದರು. ಅವನೂ ಬಂದಿದ್ದ. ಮರುವರ್ಷ ಜನವರಿ 14ಕ್ಕೆ ಲಯನ್ಸ್ ರ‍್ಯಾಮ್ಸ್ ತಂಡದ ಮೇಲೆ 24-23ಕ್ಕೆ ಗೆದ್ದಿತು. ಪ್ಲೇಆಫ್‌ನಲ್ಲಿ 32 ವರ್ಷದ ಮೇಲೆ ಮೊದಲ ಗೆಲುವು. ಅದರ ಹಿಂದಿನ ಗೆಲುವು ಬ್ಯಾರಿ ಕಾಲದ್ದು, 1992ರ ಜನವರಿ 5, ಡಾಲಸ್ ಮೇಲೆ 38-6. (ಡಾಲಸ್ ಸರ್, ಕ್ಷಮಿಸಿ, ಇದನ್ನು ಹೇಳದೆ ಇರಲು ಆಗುವುದಿಲ್ಲ.)

ಮಲ್ಲಿಗೆಯವರೇ, ಆ ಪಂದ್ಯದ ಕೊನೇ ಟಚ್‌ಡೌನ್ ಹುಡುಕಿ ನೋಡಿ. 47 ಗಜ. ಮಧ್ಯದಲ್ಲಿ ಡಾಲಸ್‌ನವರ ಗುಂಪಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ. ಮುಗಿಯಿತು ಅನ್ನಿಸುತ್ತದೆ. ಗಿರಕ್ಕನೆ ತಿರುಗಿ ಈಚೆ ಬರುತ್ತಾನೆ. ಅವನ ಬೇರೆ ಓಟಗಳನ್ನು ನೋಡುವಾಗ ಗೆರೆ ದಾಟಿದ ಕೂಡಲೇ ವಿಡಿಯೊ ನಿಲ್ಲಿಸಬೇಡಿ. ಕುಣಿತ ಇಲ್ಲ, ಚೆಂಡು ನೆಲಕ್ಕೆ ಬಡಿಯುವುದಿಲ್ಲ. ಹತ್ತಿರದ ಅಂಪೈರ್ ಯಾರು ಅಂತ ನೋಡಿ, ಚೆಂಡನ್ನು ಅವರ ಕೈಗೆ ಕೊಟ್ಟು ಹೋಗುತ್ತಾನೆ. ಹತ್ತು ವರ್ಷ ಹಾಗೇ.

ಮೈಸೂರು ಮಲ್ಲಿಗೆ

ನೋಡಿದೆ ಸರ್. ಊರಿಂದ ಮಾವ ಬಂದಿದ್ದಾರೆ, ಸ್ಕೂಲ್ ದಿನಗಳಲ್ಲಿ ಕಬಡ್ಡಿ ಆಡಿದವರು. ಅವರಿಗೂ ತೋರಿಸಿದೆ. ಗುಂಪಿನಲ್ಲಿ ಸಿಕ್ಕಿಕೊಂಡ ಜಾಗದಲ್ಲಿ ನಿಲ್ಲಿಸು ಅಂದರು, ಹತ್ತಿರ ಬಂದು ಬೆರಳಿಟ್ಟು ಎಣಿಸಿದರು. ಆಮೇಲೆ ಕನ್ನಡಕ ಒರೆಸಿಕೊಂಡು ಕೂತು, "ಇನ್ನೊಂದ್ಸಲ ಹಾಕಮ್ಮ" ಅಂದರು.